ಗಡಿಯಾರ ಅಳೆದದ್ದೆಷ್ಟು, ಊಹಿಸಿದ್ದೆಷ್ಟು?

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು ಕೋಣಗಳ ಜತೆ 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಅದು ಅಳೆದ ಲೆಕ್ಕ. ಆದರೆ ಆ ತಿಂಗಳು ದೇಶವೆಲ್ಲ ಮಾತಾಡಿದ್ದು ಬೇರೆಯೇ ಒಂದು ಸಂಖ್ಯೆಯ ಬಗ್ಗೆ: 100 ಮೀಟರಿಗೆ 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ಬೋಲ್ಟ್‌ನನ್ನೇ ಮೀರಿಸಿದ ತುಳುನಾಡ ಓಟಗಾರ ಎಂದು ಸುದ್ದಿ ಹಬ್ಬಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರೆನ್ ರಿಜಿಜು, ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ತರಬೇತುದಾರರ ಮುಂದೆ ಓಡಿಸಿ ನೋಡುವುದಾಗಿ ಹೇಳಿದರು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರು ಕಂಬಳದಲ್ಲಿ ನಿಶಾಂತ್ ಶೆಟ್ಟಿ ಆ ವೇಗವನ್ನೂ ದಾಟಿದರೆಂಬ ಇನ್ನೊಂದು ಸುದ್ದಿ ಬಂತು. ಆದರೆ 9.55 ಎಂಬುದನ್ನು ಯಾರೂ ಯಾವ ಗಡಿಯಾರದಲ್ಲೂ ಅಳೆದಿರಲಿಲ್ಲ. 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿ, ಕೊನೆಯ ಅಂಕಿಗಳನ್ನು ಬಿಟ್ಟಾಗ ಸಿಕ್ಕಿದ ಉತ್ತರ ಅದು.

ಭಾಗಾಕಾರದಲ್ಲಿ ತಪ್ಪಿರಲಿಲ್ಲ, ಅದರ ಅರ್ಥ ಮಾಡಿಕೊಂಡದ್ದರಲ್ಲಿ ತಪ್ಪಿತ್ತು. ಬೋಲ್ಟ್ ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ನಮ್ಮ ಭಾಗಾಕಾರವನ್ನೇ ಅದಕ್ಕೂ ಹಾಕಿದರೆ 100 ಮೀಟರಿಗೆ 9.57 ಎಂದು ಬರುತ್ತದೆ. ಆದರೆ ಆ ಓಟದ ಕೊನೆಯ 100 ಮೀಟರಿಗೆ ಅವನು ತೆಗೆದುಕೊಂಡದ್ದು 8.70 ಸೆಕೆಂಡು. ನಿಂತಲ್ಲಿಂದ ಹೊರಡುವ ಮೊದಲ ಹೆಜ್ಜೆಗಳಿಗೆ ಹೆಚ್ಚು ಹೊತ್ತು ಬೇಕು, ವೇಗ ಹಿಡಿದ ಮೇಲೆ ಕಡಿಮೆ ಸಾಕು. ಸರಾಸರಿ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ಮೇಲಾಗಿ ಕಂಬಳದಲ್ಲಿ ಮುಂದಿನಿಂದ ಎಳೆಯುವುದಕ್ಕೆ ಎರಡು ಕೋಣಗಳಿವೆ, ಕಾಲಡಿಗೆ ಕೆಸರಿದೆ. ಈ ಹೋಲಿಕೆ ಸಲ್ಲದು ಎಂದು ಮೊದಲು ಹೇಳಿದವರಲ್ಲಿ ಶ್ರೀನಿವಾಸ ಗೌಡರೂ ಒಬ್ಬರು. ತನ್ನ ಓಟ ಏನು, ಏನಲ್ಲ ಎಂಬುದು ಓಡಿದವನಿಗೆ ಗೊತ್ತಿತ್ತು; ಸಂಖ್ಯೆಯನ್ನು ಹಂಚಿದವರಿಗೆ ಗೊತ್ತಿರಲಿಲ್ಲ.

ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡು, ಸ್ಮಾರ್ಟ್‌ವಾಚು, ಬೆರಳಿಗೆ ಹಾಕುವ ಉಂಗುರಗಳ ಬಗ್ಗೆ ಬರೆಯುವಾಗ ಈ ಪ್ರಸಂಗವನ್ನು ನೆನಪಿಸಲು ಕಾರಣವಿದೆ. ಬಿ.ಸಿ.ರೋಡಿನ ಮೊಬೈಲ್ ಅಂಗಡಿಯಲ್ಲಿರಲಿ, ಆನ್‌ಲೈನ್ ಮಾರಾಟ ತಾಣದಲ್ಲಿರಲಿ, ಈ ಸಾಧನಗಳನ್ನು ಹೋಲಿಸುವ ಕ್ರಮ ಒಂದೇ: ಯಾವುದರಲ್ಲಿ ಎಷ್ಟು ಸೌಲಭ್ಯ. ಎದೆಬಡಿತ, ಹೆಜ್ಜೆ, ಕ್ಯಾಲೊರಿ, ನಿದ್ರೆಯ ಹಂತ, ಆಮ್ಲಜನಕ, ಒತ್ತಡ, ರಕ್ತದೊತ್ತಡ. ಪಟ್ಟಿ ಉದ್ದವಿದ್ದಷ್ಟು ಒಳ್ಳೆಯದು ಎಂಬ ಲೆಕ್ಕ. ನನ್ನ ವಾದ ಇದಕ್ಕೆ ವಿರುದ್ಧ. ಕೇಳಬೇಕಾದ ಪ್ರಶ್ನೆ, ಪರದೆಯ ಮೇಲಿನ ಯಾವ ಸಂಖ್ಯೆ ಅಳೆದದ್ದು, ಯಾವುದು ಅಳೆದದ್ದರ ಮೇಲೆ ಕಟ್ಟಿದ ಊಹೆ ಎಂಬುದು. ಈ ಗೆರೆ ಎಳೆದು ನೋಡಿದರೆ ಎರಡು ಸಾವಿರದ ಬ್ಯಾಂಡಿಗೂ ನಲುವತ್ತು ಸಾವಿರದ ಗಡಿಯಾರಕ್ಕೂ ಇರುವ ಅಂತರ ಜಾಹೀರಾತು ತೋರಿಸುವಷ್ಟು ಉಳಿಯುವುದಿಲ್ಲ.

ಈ ಸಾಧನಗಳ ಒಳಗಿರುವ ಸೆನ್ಸರುಗಳು ಬೆರಳೆಣಿಕೆಯವು. ಚರ್ಮಕ್ಕೆ ತಾಗುವ ಕಡೆ ಹಸಿರು ದೀಪವಿರುತ್ತದೆ. ರಕ್ತ ತುಂಬಿದಾಗ ಬೆಳಕು ಹೆಚ್ಚು ಹೀರಲ್ಪಡುತ್ತದೆ, ಇಳಿದಾಗ ಕಡಿಮೆ. ಈ ಏರಿಳಿತವೇ ನಾಡಿ. ಅಲುಗಾಟ ಗುರುತಿಸುವ ಸಣ್ಣ ಚಿಪ್ ಇನ್ನೊಂದು. ದುಬಾರಿಯವುಗಳಲ್ಲಿ ಜಿಪಿಎಸ್, ಚರ್ಮದ ಉಷ್ಣತೆ ನೋಡುವ ಸೆನ್ಸರು, ಎತ್ತರ ತಿಳಿಯಲು ಗಾಳಿಯ ಒತ್ತಡ ನೋಡುವ ಸೆನ್ಸರು, ಇಸಿಜಿಗೆ ಲೋಹದ ತುದಿಗಳು ಇರುತ್ತವೆ. ಹೆಚ್ಚುಕಡಿಮೆ ಇಷ್ಟೇ. ಕ್ಯಾಲೊರಿಗೆ ಸೆನ್ಸರಿಲ್ಲ, ನಿದ್ರೆಗೂ ಇಲ್ಲ, ಮನಸ್ಸಿನ ಒತ್ತಡಕ್ಕಂತೂ ಇಲ್ಲವೇ ಇಲ್ಲ. ನಾಡಿ ಮತ್ತು ಅಲುಗಾಟವನ್ನು ವಯಸ್ಸು, ತೂಕ, ಎತ್ತರದ ಜತೆ ಸೇರಿಸಿ ಒಂದು ಸೂತ್ರಕ್ಕೆ ಹಾಕಿದಾಗ ಬರುವ ಉತ್ತರಗಳು ಅವೆಲ್ಲ.

ಈ ಸೂತ್ರಗಳ ಬೆಲೆ ಎಷ್ಟೆಂದು 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೂಗಿ ನೋಡಿದರು. ಏಳು ಸಾಧನಗಳನ್ನು ಜನರ ಕೈಗೆ ಕಟ್ಟಿ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ಏಳರಲ್ಲಿ ಆರು ಸಾಧನಗಳು ಎದೆಬಡಿತವನ್ನು ಶೇ 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಅತ್ಯುತ್ತಮ ಸಾಧನವೇ ಶೇ 27ರಷ್ಟು ತಪ್ಪಿತ್ತು. ಅತಿ ಕಳಪೆಯದು ಶೇ 93. ಒಂದೇ ಗಡಿಯಾರ, ಒಂದೇ ಕೈ, ಒಂದೇ ಹೊತ್ತು; ಅಳೆದದ್ದು ಸರಿ, ಊಹಿಸಿದ್ದು ಸುಳ್ಳು. ಅದರ ನಂತರ ಸಾಧನಗಳು ಸುಧಾರಿಸಿವೆ ಎಂಬುದು ನಿಜ. ಆದರೆ ಅಳೆಯುವ ವಿಧಾನ ಬದಲಾಗಿಲ್ಲ, ಸೂತ್ರಗಳಷ್ಟೇ ಬದಲಾಗಿವೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಚರ್ಮದ ಬಣ್ಣದಿಂದ ಎದೆಬಡಿತದ ಲೆಕ್ಕಕ್ಕೆ ಗಣನೀಯ ವ್ಯತ್ಯಾಸವಾಗಲಿಲ್ಲ, ಕೈ ಆಡುತ್ತಿದ್ದಾಗ ಮಾತ್ರ ವಿಶ್ರಾಂತಿಯ ಹೊತ್ತಿಗಿಂತ ಶೇ 30ರಷ್ಟು ಹೆಚ್ಚು ತಪ್ಪು ಬಂತು. ಕಪ್ಪು ಮೈಬಣ್ಣದ ನಮಗೆ ಮೊದಲ ಭಾಗ ಸಮಾಧಾನ ತರುವಂಥದ್ದು. ಎರಡನೆಯದು ನಮ್ಮ ಊರುಗಳಿಗೆ ಹೆಚ್ಚು ಮುಖ್ಯ, ಏಕೆಂದರೆ ಇಲ್ಲಿಯ ದುಡಿಮೆಯೆಲ್ಲ ಕೈಯದ್ದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮೈ ಬಳಸಿ ಮಾಡುವ ಕೆಲಸಗಳನ್ನು ಒಮ್ಮೆ ಯೋಚಿಸಿ. ಅಡಿಕೆ ಮರ ಹತ್ತುವವನು ಕಾಲಿಗೆ ತಳೆ ಹಾಕಿ, ಎರಡೂ ಕೈಗಳಲ್ಲಿ ಮರ ತಬ್ಬಿ, ನಲುವತ್ತು-ಐವತ್ತು ಅಡಿ ಏರುತ್ತಾನೆ. ಕೊನೆ ಇಳಿಸಿ, ಸಾಧ್ಯವಾದರೆ ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟುತ್ತಾನೆ. ಮಳೆಗಾಲದಲ್ಲಿ ಮದ್ದು ಬಿಡುವಾಗಲೂ ಇದೇ ಕಸರತ್ತು, ಜಾರುವ ಮರದಲ್ಲಿ. ಇಷ್ಟು ಶ್ರಮದಲ್ಲಿ ಹೆಜ್ಜೆ ಎಂಬುದೇ ಇಲ್ಲ. ಮಣಿಕಟ್ಟು ಬಾಗಿ, ಸ್ನಾಯು ಬಿಗಿದು, ಗಡಿಯಾರದ ಹಿಂಭಾಗ ಚರ್ಮದಿಂದ ಸರಿದರೆ ಹಸಿರು ದೀಪಕ್ಕೂ ನಾಡಿ ಸಿಗುವುದಿಲ್ಲ. ಈಗ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಯುವವರದ್ದೂ ಅದೇ ಕತೆ: ಕುತ್ತಿಗೆ ಮೇಲೆತ್ತಿ, ಕೈ ತಲೆಗಿಂತ ಎತ್ತರಕ್ಕೆ ಹಿಡಿದು ಗಂಟೆಗಟ್ಟಲೆ ನಿಲ್ಲುವ ಕೆಲಸಕ್ಕೆ ಗಡಿಯಾರದಲ್ಲಿ ಹೆಸರಿಲ್ಲ. ಸೊಪ್ಪಿನ ಹೊರೆ ಹೊತ್ತು ಗುಡ್ಡದಿಂದ ಹಟ್ಟಿಗೆ ಬರುವ ಹೆಂಗಸಿನ ಕೈ ಹೊರೆಯನ್ನು ಹಿಡಿದು ಅಲ್ಲಾಡದೆ ಇರುತ್ತದೆ. ಕೈ ಬೀಸದಿದ್ದರೆ ಮಣಿಕಟ್ಟಿನ ಸಾಧನ ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ, ತಳ್ಳುಗಾಡಿ ತಳ್ಳುವವರಲ್ಲಿ ಇದು ಎಲ್ಲೆಡೆ ಕಂಡುಬಂದಿರುವ ದೋಷ. ಇನ್ನು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವರ ಕೈ ಕ್ಷಣವೂ ನಿಲ್ಲುವುದಿಲ್ಲ. ಬ್ರಾಂಚಿಗೆ ಕೊಡಬೇಕಾದ ಸಾವಿರ ಬೀಡಿಗಾಗಿ ಆಡುವ ಆ ಮಣಿಕಟ್ಟಿನ ಲಯವನ್ನು ಸಾಧನ ನಡಿಗೆ ಎಂದು ತಿಳಿಯುವ ಸಾಧ್ಯತೆ ಇದೆ, ದಿನವಿಡೀ ಕುಳಿತೇ ಇದ್ದವರಿಗೆ ಶಹಬ್ಬಾಸ್ ಹೇಳುವ ಸಾಧ್ಯತೆಯೂ ಇದೆ. ಹೊರೆ ಹೊತ್ತವಳು ಸೋಮಾರಿ, ಕುಳಿತವಳು ಚುರುಕು: ಇಂಥ ತೀರ್ಪು ಕೊಡುವ ಸೂತ್ರ ಕಚೇರಿಯಲ್ಲಿ ಕುಳಿತು ಸಂಜೆ ಪಾರ್ಕಿನಲ್ಲಿ ಓಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯ ಹುಟ್ಟೂ ಅಷ್ಟೇ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕ ಮಾರಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಇತ್ತು. ಮಾರಾಟಕ್ಕೆ ಹಿಡಿಸುವ ದುಂಡು ಸಂಖ್ಯೆ ಅದು, ವೈದ್ಯಕೀಯ ಲೆಕ್ಕವಲ್ಲ. 2019ರಲ್ಲಿ ಸರಾಸರಿ 72 ವರ್ಷದ 16,741 ಅಮೆರಿಕನ್ ಮಹಿಳೆಯರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚುವರಿ ಲಾಭ ಕಾಣಲಿಲ್ಲ. ಅಂದರೆ ಮನೆಯಲ್ಲೇ ಇರುವ ಅಜ್ಜಿ ಹತ್ತು ಸಾವಿರ ಮುಟ್ಟಲಿಲ್ಲವೆಂದು ಬೇಸರಪಡಬೇಕಿಲ್ಲ, ಅಂಗಳದಾಚೆ ಇನ್ನೊಂದಿಷ್ಟು ನಡೆದರೂ ಬಹಳ. ಕಾರಿಂಜದ ಮೆಟ್ಟಿಲನ್ನೋ ಗಡಾಯಿಕಲ್ಲನ್ನೋ ಏರುವವರಿಗೆ ಹೆಜ್ಜೆಯ ಲೆಕ್ಕವೇ ಬೇಡ. ಏರಿಗೂ ಸಪಾಟು ರಸ್ತೆಗೂ ಹೆಜ್ಜೆ ಒಂದೇ, ಎದೆಗೆ ಒಂದೇ ಅಲ್ಲ.

ಇಲ್ಲಿಯವರೆಗಿನ ತಪ್ಪುಗಳಿಂದ ಯಾರಿಗೂ ಪ್ರಾಣಾಪಾಯವಿಲ್ಲ. ರಕ್ತದೊತ್ತಡ ಮತ್ತು ಸಕ್ಕರೆಯ ವಿಷಯ ಹಾಗಲ್ಲ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಹೇಳುತ್ತೇವೆನ್ನುವ ಗಡಿಯಾರ, ಉಂಗುರ ಯಾವುದನ್ನೂ ಬಳಸಬೇಡಿ, ಅಂಥ ಒಂದಕ್ಕೂ ನಾವು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. (ತೋಳಿಗೆ ಅಂಟಿಸಿಕೊಳ್ಳುವ, ಒಳಗೆ ಸಣ್ಣ ತಂತು ಇಳಿಯುವ ಸೆನ್ಸರು ಬೇರೆ, ಅದು ನಿಜವಾಗಿ ಅಳೆಯುತ್ತದೆ.) ಪರದೆಯ ಸಂಖ್ಯೆ ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿದರೆ ಆಗುವ ಅನಾಹುತ ಊಹಿಸುವುದು ಕಷ್ಟವಲ್ಲ. ರಕ್ತದೊತ್ತಡದಲ್ಲಿ ಕಂಪನಿಗಳ ನಡೆಯನ್ನೇ ಪಕ್ಕಪಕ್ಕ ಇಟ್ಟು ನೋಡಬಹುದು. ಸ್ಯಾಮ್ಸಂಗ್ ತನ್ನ ಗಡಿಯಾರದ ಲೆಕ್ಕವನ್ನು ಪ್ರತಿ 28 ದಿನಕ್ಕೊಮ್ಮೆ ತೋಳುಪಟ್ಟಿಯ ಯಂತ್ರದೊಡನೆ ಸರಿಹೊಂದಿಸಬೇಕೆನ್ನುತ್ತದೆ. ಆ ಯಂತ್ರ ಮನೆಯಲ್ಲಿದ್ದ ಮೇಲೆ ಗಡಿಯಾರದ ಲೆಕ್ಕ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಹುವಾವೆ ಒಂದು ಗಡಿಯಾರದ ಪಟ್ಟಿಯೊಳಗೇ ಗಾಳಿ ತುಂಬುವ ಚೀಲ ಇಟ್ಟಿತು, ಅದು ಅಳತೆ. ವೂಪ್ ಕಂಪನಿಯ ರಕ್ತದೊತ್ತಡದ ಸೌಲಭ್ಯಕ್ಕೆ ಅನುಮತಿ ಪಡೆದಿಲ್ಲವೆಂದು 2025ರ ಜುಲೈಯಲ್ಲಿ ಎಫ್‌ಡಿಎ ಎಚ್ಚರಿಕೆ ಪತ್ರ ಕಳುಹಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಪಲ್ ಅನುಮತಿ ಪಡೆದ ಸೌಲಭ್ಯ ಸಂಖ್ಯೆಯನ್ನೇ ತೋರಿಸುವುದಿಲ್ಲ. ಮೂವತ್ತು ದಿನಗಳ ಮಾಹಿತಿ ನೋಡಿ, ನಿಮಗೆ ರಕ್ತದೊತ್ತಡ ಇರಬಹುದು, ಯಂತ್ರದಲ್ಲಿ ಪರೀಕ್ಷಿಸಿಕೊಳ್ಳಿ ಎನ್ನುತ್ತದೆ. ತನಗೆ ತಿಳಿಯದ ಸಂಖ್ಯೆಯನ್ನು ಹೇಳದಿರುವುದು ಪ್ರಾಮಾಣಿಕತೆ. ಸಾವಿರದ ಐನೂರು ರೂಪಾಯಿಯ ಗಡಿಯಾರಗಳು 120/80 ಎಂದು ಧೈರ್ಯವಾಗಿ ತೋರಿಸುತ್ತವೆ ಎಂಬುದನ್ನು ಇದರ ಪಕ್ಕ ಇಡಬೇಕು.

ಹೃದಯದ ಭಯ ಈ ಮಾರುಕಟ್ಟೆಯ ದೊಡ್ಡ ಇಂಧನ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, 2025ರ ಮಧ್ಯದಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ, ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಗಡಿಯಾರದ ಇಸಿಜಿ ಇಂಥ ಹೊತ್ತಿನಲ್ಲಿ ಧೈರ್ಯ ಕೊಡುವಂತೆ ಕಾಣುತ್ತದೆ. ಆದರೆ ಅದು ಒಂದೇ ಲೀಡಿನದ್ದು. ಬಡಿತದ ಲಯ ತಪ್ಪಿದ್ದನ್ನು ಹಿಡಿಯಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. ಅದಕ್ಕೆ ಬೇಕಾದದ್ದು ಆಸ್ಪತ್ರೆಯ ಹನ್ನೆರಡು ಲೀಡಿನ ಯಂತ್ರ. ನಮ್ಮ ಜಿಲ್ಲೆ ಈ ವಿಷಯದಲ್ಲಿ ದಾರಿ ತೋರಿಸಿದೆ: ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸಾಪ್ ಮೂಲಕ ಬಂದ ಇಸಿಜಿ ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದರು. ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳೂ ಅದೇ, ತಾಲೂಕು ಮಟ್ಟದಲ್ಲೇ ಇಸಿಜಿ, ತಜ್ಞರ ಓದು, ಬೇಕಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು. ಎದೆನೋವು ಬಂದವನು ಗಡಿಯಾರ ಎಲ್ಲ ಸರಿ ಎಂದಿತೆಂದು ಮನೆಯಲ್ಲಿ ಉಳಿದರೆ ಈ ಎರಡೂ ವ್ಯವಸ್ಥೆ ಅವನಿಗೆ ಸಿಗದೆ ಹೋಗುತ್ತವೆ. ಚಾರ್ಮಾಡಿಯ ಬುಡದ ಊರಿನಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವನಿಗೆ ಕಳೆದ ಪ್ರತಿ ನಿಮಿಷವೂ ದುಬಾರಿ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಗಡಿಯಾರ ಪ್ರಾಣ ಉಳಿಸಿದ್ದೂ ಇದೆಯಲ್ಲ ಎನ್ನುತ್ತಾರೆ. ಇದೆ. ಆಪಲ್ ಧನಸಹಾಯದಲ್ಲಿ ಸ್ಟ್ಯಾನ್‌ಫರ್ಡ್ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4.19 ಲಕ್ಷ ಜನರಿದ್ದರು. ಲಯ ತಪ್ಪಿದೆ ಎಂಬ ಎಚ್ಚರಿಕೆ ಬಂದದ್ದು ಶೇ 0.52 ಮಂದಿಗೆ, ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರ ಪೈಕಿ ಶೇ 34ರಲ್ಲಿ ತೊಂದರೆ ಖಚಿತವಾಯಿತು. ಈ ತೊಂದರೆ ಬಂದು ಹೋಗುವಂಥದ್ದಾದ್ದರಿಂದ ಉಳಿದವರಿಗೆಲ್ಲ ಸುಳ್ಳು ಎಚ್ಚರಿಕೆ ಬಂತೆಂದೂ ಹೇಳುವಂತಿಲ್ಲ. ವಯಸ್ಸಾದವರಿಗೆ, ಪಾರ್ಶ್ವವಾಯುವಿನ ಅಪಾಯ ಇರುವವರಿಗೆ ಇದು ಉಪಯೋಗದ ಸೌಲಭ್ಯ, ಒಪ್ಪುತ್ತೇನೆ. ಗಮನಿಸಿ, ಇಲ್ಲೂ ಕೆಲಸಕ್ಕೆ ಬಂದದ್ದು ಗಡಿಯಾರ ನೇರವಾಗಿ ಅಳೆಯುವ ನಾಡಿಯೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಸಂಖ್ಯೆ ತಪ್ಪಿದ್ದರೇನು, ಅದನ್ನು ನೋಡಿ ಜನ ನಡೆಯುತ್ತಾರಲ್ಲ? 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆ ಪ್ರಕಟಿಸಿದ ಸಮೀಕ್ಷೆ ಇದನ್ನು ಬೆಂಬಲಿಸುತ್ತದೆ. ಸಾಧನ ಕಟ್ಟಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದರು, ಸುಮಾರು ಒಂದು ಕಿಲೋ ತೂಕ ಇಳಿಸಿದರು. ಇನ್ನೊಂದು ಬದಿಯಲ್ಲಿ 2016ರ ಅಮೆರಿಕನ್ ಪ್ರಯೋಗವಿದೆ: ತೂಕ ಇಳಿಸಲು ಬಂದ 471 ಯುವಜನರಲ್ಲಿ ಎರಡು ವರ್ಷಗಳ ಕೊನೆಗೆ ಸಾಧನ ಕಟ್ಟಿದವರು ಇಳಿಸಿದ್ದು ಸರಾಸರಿ 3.5 ಕಿಲೋ, ಕಟ್ಟದವರು 5.9 ಕಿಲೋ. ಹೆಚ್ಚು ನಡೆಯುವುದಕ್ಕೂ ತೂಕ ಇಳಿಯುವುದಕ್ಕೂ ನೇರ ಸಂಬಂಧ ಕಡಿಮೆ. ಐನೂರು ಕ್ಯಾಲೊರಿ ಸುಟ್ಟೆ ಎಂದು ಪರದೆ ಹೇಳಿದಾಗ ಎರಡು ಗೋಳಿಬಜೆ ಹೆಚ್ಚು ತಿನ್ನುವ ಧೈರ್ಯ ಬರುವುದು ಸಹಜ. ಹಾಗಾಗಿ ಪ್ರೇರಣೆಯ ವಾದವನ್ನು ಒಪ್ಪುತ್ತೇನೆ, ಆದರೆ ಅದು ನನ್ನ ವಾದಕ್ಕೇ ಸಹಾಯ ಮಾಡುತ್ತದೆ: ನಡೆಯಲು ನೆನಪಿಸುವ ಕೆಲಸಕ್ಕೆ ಅತಿ ಅಗ್ಗದ ಬ್ಯಾಂಡು ಸಾಕು. ತಪ್ಪು ದಿನವೂ ಒಂದೇ ಬಗೆಯದ್ದಾದರೆ ಏರಿಳಿತವಾದರೂ ತಿಳಿಯುತ್ತದೆ ಎಂಬ ಮಾತೂ ಬೆಳಗಿನ ವಿಶ್ರಾಂತಿ ನಾಡಿಯ ಮಟ್ಟಿಗೆ ಸರಿ. ಅದು ವಾರಗಟ್ಟಲೆ ಏರುತ್ತಾ ಹೋದರೆ ವೈದ್ಯರಲ್ಲಿ ಕೇಳಲು ಒಂದು ಕಾರಣವಾಯಿತು. ಆದರೆ ಗಡಿಯಾರ ಬದಲಿಸಿದಾಗ, ಸಾಫ್ಟ್‌ವೇರ್ ಬದಲಾದಾಗ ಹಳೆಯ ಲೆಕ್ಕಕ್ಕೆ ಹೊಸದನ್ನು ಹೋಲಿಸುವಂತಿಲ್ಲ.

ಹಾಗಾದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಕೊಳ್ಳುವವರು ನೋಡಬೇಕಾದದ್ದೇನು? ಮೊದಲನೆಯದು ಮಳೆ ಮತ್ತು ಬೆವರು. ಜೂನಿನಿಂದ ಸೆಪ್ಟೆಂಬರಿನವರೆಗೆ ಮೈ ಒಣಗದ ಊರಿನಲ್ಲಿ ನೀರು ತಡೆಯುವ ಗುಣಮಟ್ಟ, ತೊಳೆದು ಒಣಗಿಸಬಹುದಾದ ಪಟ್ಟಿ ಇವು ಒತ್ತಡದ ಗ್ರಾಫಿಗಿಂತ ಮುಖ್ಯ. ಪಟ್ಟಿಯಡಿ ತುರಿಕೆ ಎದ್ದರೆ ಗಡಿಯಾರ ಪೆಟ್ಟಿಗೆ ಸೇರುತ್ತದೆ. ಗಾಳಿಮಳೆಗೆ ಕರೆಂಟು ಹೋಗುವ ಕಡೆ ವಾರಕ್ಕಿಂತ ಹೆಚ್ಚು ಬಾಳುವ ಬ್ಯಾಟರಿ ಬೇಕು, ದಿನಾ ಚಾರ್ಜ್ ಬೇಡುವ ದುಬಾರಿ ಗಡಿಯಾರಗಳು ಇಲ್ಲಿ ಸೋಲುತ್ತವೆ. ಅಡಿಕೆ ತೋಟದ ನೆರಳಲ್ಲಿ, ಚಾರ್ಮಾಡಿ ಘಾಟಿಯ ಕಾಡಿನಲ್ಲಿ ಜಿಪಿಎಸ್ ದಾರಿ ತಪ್ಪುವುದು ಸಾಮಾನ್ಯ; ಎರಡು ತರಂಗಗಳನ್ನು ಹಿಡಿಯುವ ಜಿಪಿಎಸ್ ಇದ್ದರೆ ಒಳ್ಳೆಯದು, ಚಾರಣಿಗರಲ್ಲದವರಿಗೆ ಅದೂ ಬೇಡ. ಉಂಗುರಗಳ ವಿಷಯಕ್ಕೆ ಬಂದರೆ, ಬೆಂಗಳೂರಿನ ಅಲ್ಟ್ರಾಹ್ಯೂಮನ್ ಕಂಪನಿ ಫಿನ್‌ಲೆಂಡಿನ ಔರಾಕ್ಕೆ ಸಾಟಿಯಾಗಿ ನಿಂತಿರುವುದು ಹೆಮ್ಮೆಯ ಸಂಗತಿಯೇ. ಆದರೆ ಕತ್ತಿ, ಹಾರೆ, ದೋಟಿ ಹಿಡಿಯುವ ಕೈಗೆ ಉಂಗುರ ಒಗ್ಗದು. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಭ್ಯಾಸ ಮಾಡುವ ಅಥ್ಲೀಟುಗಳ ಅಗತ್ಯ ಬೇರೆ. ವೇಗದ ಓಟದಲ್ಲಿ ಮಣಿಕಟ್ಟಿನ ದೀಪಕ್ಕಿಂತ ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ, ಬೆಲೆಯೂ ಒಳ್ಳೆಯ ಗಡಿಯಾರಕ್ಕಿಂತ ಬಹಳ ಕಡಿಮೆ.

ಕೊಳ್ಳುವವನ ಜಾಣತನಕ್ಕೇ ಎಲ್ಲ ಬಿಡುವುದೂ ಸರಿಯಲ್ಲ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳಿವೆ, 2020ರ ಏಪ್ರಿಲಿನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಬಂದಿವೆ. ಇದು ವೈದ್ಯಕೀಯ ಸಾಧನವಲ್ಲ ಎಂದು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಮುಂಭಾಗದಲ್ಲಿ ರಕ್ತದೊತ್ತಡದ ಚಿತ್ರ ಹಾಕುವ ಉಪಾಯವನ್ನು ಸರಕಾರ ನಿಲ್ಲಿಸಬೇಕು. ಅಳೆದ ಸಂಖ್ಯೆಗೂ ಅಂದಾಜಿನ ಸಂಖ್ಯೆಗೂ ಪರದೆಯ ಮೇಲೆಯೇ ಗುರುತು ಬೇರೆ ಇರಬೇಕೆಂದು ಕಡ್ಡಾಯ ಮಾಡುವುದು ದೊಡ್ಡ ಕೆಲಸವಲ್ಲ. ಇನ್ನೊಂದು ಕೆಲಸ ಇಲ್ಲಿಯೇ ಆಗಬಹುದು. ಮೂಡುಬಿದಿರೆಯಲ್ಲಿ ದೈಹಿಕ ಶಿಕ್ಷಣ ಕಾಲೇಜಿದೆ, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜಿದೆ, ವಿಟ್ಲದಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವಿದೆ. ಮಾರುಕಟ್ಟೆಯ ಐದಾರು ಬ್ಯಾಂಡುಗಳನ್ನು ಮರ ಹತ್ತುವವರ, ಬೀಡಿ ಕಟ್ಟುವವರ, ಹೊರೆ ಹೊರುವವರ ಕೈಗೆ ಕಟ್ಟಿ, ಎದೆಪಟ್ಟಿಯ ಲೆಕ್ಕದೊಡನೆ ತಾಳೆ ನೋಡಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲು ದೊಡ್ಡ ಅನುದಾನವೇನೂ ಬೇಡ.

ಅಲ್ಲಿಯವರೆಗೆ ಮನೆಯಲ್ಲಿ ರಕ್ತದೊತ್ತಡ ಇರುವವರಿದ್ದರೆ ಮೊದಲು ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದಾದ ಮೇಲೂ ಹಣ ಉಳಿದರೆ, ನಾಡಿ ಸರಿಯಾಗಿ ಹೇಳುವ, ಮಳೆಗೆ ಹಾಳಾಗದ ಒಂದು ಸಾದಾ ಬ್ಯಾಂಡು ಸಾಕು.